ಇಸುಬಿಗೆ ಮಾಯಿಶ್ಚರೈಸರ್: ಯಾಕೆ, ಯಾವುದು, ಎಷ್ಟು

ತುರಿಕೆ ಅಂತ ಚರ್ಮದ ಡಾಕ್ಟರ್ ಹತ್ರ ಹೋದ್ರೆ ಚೀಟಿಲಿ ಸಾಮಾನ್ಯವಾಗಿ ಮೂರ್ನಾಲ್ಕು ಐಟಂ ಬರೆದಿರ್ತಾರೆ. ರಾತ್ರಿಗೊಂದು ಮಾತ್ರೆ, ಸಣ್ಣ ಟ್ಯೂಬಿನ ಆಯಿಂಟ್‌ಮೆಂಟ್, ಒಂದು ಸೋಪು, ಕೊನೇಲಿ ಒಂದು ಮಾಯಿಶ್ಚರೈಸರ್. ಮೆಡಿಕಲ್ ಶಾಪಲ್ಲಿ ಬಿಲ್ ಎಷ್ಟಾಗತ್ತೆ ಅಂತ ಕೇಳಿದ ತಕ್ಷಣ ನಾವು ಮೊದಲು ಕೈಬಿಡೋದು ಆ ಕೊನೇದನ್ನೇ, ಮನೇಲಿ ಬಾಡಿ ಲೋಷನ್ ಇದೆ ಬಿಡಿ, ಅದನ್ನೇ ಹಚ್ಕೊಂಡ್ರಾಯ್ತು ಅಂತ. ಆದ್ರೆ ಎಕ್ಸಿಮಾ, ಅಂದ್ರೆ ಇಸುಬು ಇರೋರಿಗೆ ಆ ಚೀಟಿಲಿ ವರ್ಷಪೂರ್ತಿ ಬಿಡದೆ ನಡೆಸಬೇಕಾಗಿರೋದು ಹೆಚ್ಚಿನ ಸಲ ಅದೊಂದೇ, ಮಿಕ್ಕಿದ್ದೆಲ್ಲ ಹತ್ತು ಹದಿನೈದು ದಿನದ ಲೆಕ್ಕ. ಡಿಸೆಂಬರ್ ಬಂದು ಬೆಂಗಳೂರು, ಮೈಸೂರು, ಧಾರವಾಡದ ಕಡೆ ಗಾಳಿ ಒಣಗಿ ಎಲ್ಲರ ಮೈಯೂ ಬಿರಿಯೋಕೆ ಶುರುವಾದಾಗ ಯಾವ ಮಾಯಿಶ್ಚರೈಸರ್, ಎಷ್ಟು ಹಚ್ಚಬೇಕು ಅನ್ನೋ ಪ್ರಶ್ನೆ ಜಾಸ್ತಿ ಏಳತ್ತೆ, ಹಾಗಾಗಿ ಬುಡದಿಂದಲೇ ನೋಡೋಣ.

ಇಸುಬು ಅಂದ್ರೆ ಏನು

ಇಸುಬು, ಎಕ್ಸಿಮಾ, ಡರ್ಮಟೈಟಿಸ್, ಇವೆಲ್ಲ ಹೆಚ್ಚುಕಮ್ಮಿ ಒಂದೇ ಗುಂಪಿನ ಹೆಸರು. ಚರ್ಮ ಒಣಗಿ, ಕೆರಳಿ, ವಿಪರೀತ ತುರಿಸೋ ಸ್ಥಿತಿ. ಅದರಲ್ಲಿ ತುಂಬಾ ಜನರಿಗೆ ಬರೋದು ಅಟಾಪಿಕ್ ಡರ್ಮಟೈಟಿಸ್ ಅನ್ನೋ ಬಗೆ, ಸಾಮಾನ್ಯವಾಗಿ ಮಗುವಾಗಿದ್ದಾಗಲೇ ಶುರುವಾಗತ್ತೆ, ಎಷ್ಟೋ ಸಲ ಮನೇಲಿ ಯಾರಿಗಾದ್ರೂ ಆಸ್ತಮಾನೋ ಧೂಳಿಗೆ ಸೀನು ಬರೋ ಅಲರ್ಜಿನೋ ಇರತ್ತೆ. ಇದು ಅಂಟುರೋಗ ಅಲ್ಲ. ಮುಟ್ಟಿದ್ರೆ, ಒಂದೇ ಟವೆಲ್ ಬಳಸಿದ್ರೆ, ಪಕ್ಕದಲ್ಲಿ ಕೂತ್ಕೊಂಡ್ರೆ ಬರಲ್ಲ.

ಇಲ್ಲಿ ಗೊಂದಲ ಆಗೋದು ಇನ್ನೆರಡರ ಜೊತೆ. ಕಜ್ಜಿ ಅನ್ನೋದು ಕಣ್ಣಿಗೆ ಕಾಣದಷ್ಟು ಸಣ್ಣ ಹುಳದಿಂದ ಬರೋದು, ರಾತ್ರಿ ಹೊತ್ತು ತುರಿಕೆ ಜಾಸ್ತಿ, ಮನೇಲಿ ಒಬ್ಬರಿಗೆ ಬಂದ್ರೆ ನಾಲ್ಕು ಜನಕ್ಕೂ ಹರಡತ್ತೆ. ಹುಳುಕಡ್ಡಿ ಫಂಗಸ್‌ನಿಂದ ಬರೋದು, ಅಂಚು ಎದ್ದಿರೋ ಉಂಗುರದ ಆಕಾರದಲ್ಲಿ ಕಾಣತ್ತೆ. ಇವೆರಡಕ್ಕೂ ಮಾಯಿಶ್ಚರೈಸರ್ ಎಷ್ಟು ಡಬ್ಬಿ ಖಾಲಿ ಮಾಡಿದ್ರೂ ಪ್ರಯೋಜನ ಇಲ್ಲ, ಔಷಧಿನೇ ಬೇರೆ. ಅದಕ್ಕೇ ಮೊದಲನೇ ಸಲವಾದ್ರೂ ಡಾಕ್ಟರ್‌ಗೆ ತೋರಿಸಿ ಇದು ಎಕ್ಸಿಮಾನೇ ಅಂತ ಖಾತ್ರಿ ಮಾಡ್ಕೊಂಡು ಮುಂದಕ್ಕೆ ಹೋಗೋದು ಒಳ್ಳೇದು.

ಇನ್ನೊಂದು ವಿಷಯ, ಇಂಟರ್ನೆಟ್‌ನಲ್ಲಿ ಎಕ್ಸಿಮಾ ಅಂತ ಹುಡುಕಿದ್ರೆ ಸಿಗೋ ಫೋಟೋಗಳಲ್ಲಿ ಬಿಳಿ ಚರ್ಮದ ಮೇಲೆ ಕೆಂಪು ಮಚ್ಚೆಗಳೇ ಜಾಸ್ತಿ. ನಮ್ಮ ಚರ್ಮದ ಮೇಲೆ ಅಷ್ಟು ಕೆಂಪಗೆ ಕಾಣಲ್ಲ, ಕಂದು, ನೇರಳೆ ಅಥವಾ ಬೂದಿ ಬಣ್ಣಕ್ಕೆ ತಿರುಗಿ ದಪ್ಪಗೆ ಒರಟಾಗಿರತ್ತೆ. ಕೆಂಪಿಲ್ಲ ಅಂದ್ಬಿಟ್ಟು ಸುಮಾರು ಜನ ಇದು ಬರೀ ಒಣ ಚರ್ಮ ಅಂತ ಸುಮ್ನಿದ್ದುಬಿಡ್ತಾರೆ.

ಗೋಡೆ ಸೋರ್ತಾ ಇರೋದು

ಚರ್ಮದ ಮೇಲ್ಪದರನ ಇಟ್ಟಿಗೆ ಗೋಡೆಗೆ ಹೋಲಿಸ್ತಾರೆ. ಸತ್ತು ಚಪ್ಪಟೆಯಾದ ಜೀವಕೋಶಗಳು ಇಟ್ಟಿಗೆ, ಅವುಗಳ ನಡುವೆ ತುಂಬ್ಕೊಂಡಿರೋ ಕೊಬ್ಬಿನಂಶ ಸಿಮೆಂಟು. ಆ ಕೊಬ್ಬಿನಲ್ಲಿ ಸೆರಮೈಡ್, ಕೊಲೆಸ್ಟ್ರಾಲ್, ಫ್ಯಾಟಿ ಆಸಿಡ್ ಅಂತ ಮೂರು ಮುಖ್ಯ ಪದಾರ್ಥ ಇರತ್ತೆ. ಈ ಗೋಡೆಗೆ ಎರಡು ಕೆಲಸ, ಒಳಗಿನ ನೀರು ಹೊರಗೆ ಆವಿಯಾಗಿ ಹೋಗದ ಹಾಗೆ ನೋಡ್ಕೊಳ್ಳೋದು, ಹೊರಗಿನ ಧೂಳು, ಸೋಪು, ಬ್ಯಾಕ್ಟೀರಿಯಾ ಒಳಗೆ ನುಗ್ಗದ ಹಾಗೆ ತಡೆಯೋದು.

ಎಕ್ಸಿಮಾ ಇರೋರ ಗೋಡೆ ಕಂಟ್ರಾಕ್ಟರ್ ಸಿಮೆಂಟ್ ಉಳಿಸೋಕೆ ಮರಳು ಜಾಸ್ತಿ ಹಾಕಿ ಕಟ್ಟಿದ ಕಾಂಪೌಂಡ್ ಥರ, ನೋಡೋಕೆ ಗೋಡೆನೇ, ಆದ್ರೆ ಅಲ್ಲಲ್ಲಿ ಬಿರುಕು. ನೀರು ಹೊರಗೆ ಹೋಗತ್ತೆ, ಚರ್ಮ ಒಣಗತ್ತೆ, ಬಿರುಕಿನಿಂದ ಒಳಗೆ ಬಂದಿದ್ದನ್ನ ನೋಡಿ ದೇಹದ ರೋಗನಿರೋಧಕ ವ್ಯವಸ್ಥೆ ಕೆರಳತ್ತೆ, ಅಲ್ಲಿಂದ ಉರಿಯೂತ, ಅಲ್ಲಿಂದ ತುರಿಕೆ, ಕೆರ್ಕೊಂಡ್ರೆ ಗೋಡೆ ಇನ್ನಷ್ಟು ಕಿತ್ತುಹೋಗತ್ತೆ, ಮತ್ತೆ ತುರಿಕೆ. ಈ ಸುತ್ತು ಒಂದ್ಸಲ ಶುರುವಾದ್ರೆ ತಾನಾಗೇ ನಿಲ್ಲೋದು ಕಷ್ಟ.

ಕೆಲವರಿಗೆ ಮಾತ್ರ ಯಾಕೆ ಹೀಗೆ? ಒಂದು ಕಾರಣ ಹುಟ್ಟಿನಿಂದಲೇ ಬರೋದು. ಫಿಲಾಗ್ರಿನ್ ಅನ್ನೋ ಪ್ರೋಟೀನ್ ಚರ್ಮದ ಕೋಶಗಳನ್ನ ಗಟ್ಟಿ ಮಾಡತ್ತೆ, ಆಮೇಲೆ ಅದೇ ಒಡೆದು ನೀರು ಹಿಡಿದಿಟ್ಕೊಳ್ಳೋ ಸಣ್ಣ ಅಣುಗಳಾಗತ್ತೆ. ಇದನ್ನ ತಯಾರಿಸೋ ಜೀನ್‌ನಲ್ಲಿ ದೋಷ ಇದ್ರೆ ಎಕ್ಸಿಮಾ ಬರೋ ಸಾಧ್ಯತೆ ಜಾಸ್ತಿ ಅಂತ 2006ರಲ್ಲಿ ಗೊತ್ತಾಯ್ತು. ಆದ್ರೆ ಎಕ್ಸಿಮಾ ಇರೋ ಎಲ್ಲರಿಗೂ ಆ ದೋಷ ಇರಲ್ಲ, ದೋಷ ಇರೋ ಎಲ್ಲರಿಗೂ ಎಕ್ಸಿಮಾ ಬರಲ್ಲ. ಹವೆ, ಸೋಪು, ಬೆವರು, ಉಣ್ಣೆ ಬಟ್ಟೆ, ಪರೀಕ್ಷೆ ಟೆನ್ಷನ್, ಎಲ್ಲ ಸೇರ್ಕೊಳ್ಳತ್ತೆ.

ಮಾಯಿಶ್ಚರೈಸರ್ ಮಾಡೋದು ಆ ಬಿರುಕಿಗೆ ಹೊರಗಿಂದ ಗಾರೆ ಮೆತ್ತೋ ಕೆಲಸ. ಜೀನ್ ಬದಲಾಗಲ್ಲ, ಹಾಗಾಗಿ ಮೆತ್ತೋದು ನಿಲ್ಲಿಸಿದ್ರೆ ಬಿರುಕು ಮತ್ತೆ ಬಾಯ್ಬಿಡತ್ತೆ. ಇದರಿಂದ ಎಷ್ಟು ಉಪಯೋಗ ಅಂತ 2017ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನ ಒಟ್ಟುಗೂಡಿಸಿ ಪರಿಶೀಲಿಸೋ ಕೊಕ್ರೇನ್ ಸಂಸ್ಥೆ 77 ಅಧ್ಯಯನಗಳನ್ನ, ಅಂದ್ರೆ 6603 ಜನರ ಮಾಹಿತಿನ ಒಟ್ಟಿಗೆ ಇಟ್ಕೊಂಡು ನೋಡ್ತು. ಮಾಯಿಶ್ಚರೈಸರ್ ಹಚ್ಚೋರಿಗೆ ಎಕ್ಸಿಮಾ ಕೆರಳೋದು ಕಮ್ಮಿ, ಒಂದ್ಸಲ ಕೆರಳಿ ಇಳಿದ ಮೇಲೆ ಮತ್ತೆ ಕೆರಳೋವರೆಗಿನ ಗ್ಯಾಪ್ ಉದ್ದ, ಉರಿಯೂತ ಇಳಿಸೋಕೆ ಬೇಕಾಗೋ ಸ್ಟೀರಾಯ್ಡ್ ಕ್ರೀಮೂ ಕಮ್ಮಿ ಅನ್ನೋದು ಅದರ ಸಾರ.

ಲೋಷನ್, ಕ್ರೀಮ್, ಆಯಿಂಟ್‌ಮೆಂಟ್

ಈ ಮೂರರ ನಡುವಿನ ವ್ಯತ್ಯಾಸ ಮುಖ್ಯವಾಗಿ ನೀರಿನದ್ದು. ಲೋಷನ್‌ನಲ್ಲಿ ನೀರು ಜಾಸ್ತಿ ಜಿಡ್ಡು ಕಮ್ಮಿ, ಬೇಗ ಹರಡತ್ತೆ ಬೇಗ ಆರತ್ತೆ. ಕ್ರೀಮ್ ನಡುವಿನದ್ದು. ಆಯಿಂಟ್‌ಮೆಂಟ್‌ನಲ್ಲಿ ನೀರು ಇರೋದೇ ಇಲ್ಲ ಅಥವಾ ತೀರಾ ಕಮ್ಮಿ, ಪೆಟ್ರೋಲಿಯಂ ಜೆಲ್ಲಿ ಇದಕ್ಕೆ ಎಲ್ಲರಿಗೂ ಗೊತ್ತಿರೋ ಉದಾಹರಣೆ. ನೀರಿರೋ ಯಾವುದಕ್ಕೇ ಆದ್ರೂ ಕೆಡದ ಹಾಗೆ ಪ್ರಿಸರ್ವೇಟಿವ್ ಹಾಕಲೇಬೇಕು, ಕೆಲವರಿಗೆ ಅದೇ ಉರಿ ತರಿಸತ್ತೆ, ಅಂಥೋರಿಗೆ ಜೆಲ್ಲಿ ಹೊಂದ್ಕೊಳ್ಳತ್ತೆ.

ಒಳಗಿರೋ ಪದಾರ್ಥಗಳಲ್ಲೂ ಬೇರೆ ಬೇರೆ ಕೆಲಸದವು ಇವೆ. ಗ್ಲಿಸರಿನ್, ಯೂರಿಯಾ ಥರದವು ನೀರನ್ನ ಎಳೆದು ಹಿಡ್ಕೊಳ್ಳತ್ತೆ. ಪ್ಯಾರಾಫಿನ್, ಪೆಟ್ರೋಲಿಯಂ ಜೆಲ್ಲಿ, ಡೈಮೆಥಿಕೋನ್ ಮೇಲೆ ಪದರ ಕಟ್ಟಿ ನೀರು ಹಾರಿಹೋಗದ ಹಾಗೆ ಮಾಡತ್ತೆ. ಸೆರಮೈಡ್ ಮತ್ತೆ ಕೆಲವು ಕೊಬ್ಬಿನಂಶಗಳು ಕೋಶಗಳ ನಡುವಿನ ಜಾಗ ತುಂಬಿ ಚರ್ಮನ ಮೆತ್ತಗೆ ಮಾಡತ್ತೆ. ಒಳ್ಳೆ ಕ್ರೀಮ್‌ನಲ್ಲಿ ಇವು ಬೆರೆತೇ ಇರತ್ತೆ.

ಹಾಗಾದ್ರೆ ಯಾವುದು ಬೆಸ್ಟು? ಇಂಗ್ಲೆಂಡಿನಲ್ಲಿ ಎಕ್ಸಿಮಾ ಇರೋ 550 ಮಕ್ಕಳಿಗೆ ಲೋಷನ್, ಕ್ರೀಮ್, ಜೆಲ್ (ಪೆಟ್ರೋಲಿಯಂ ಜೆಲ್ಲಿ ಅಲ್ಲ), ಆಯಿಂಟ್‌ಮೆಂಟ್ ಈ ನಾಲ್ಕರಲ್ಲಿ ಒಬ್ಬೊಬ್ಬರಿಗೆ ಒಂದೊಂದನ್ನ ಹಂಚಿ ಹೋಲಿಸಿ ನೋಡಿದ್ರು, ಫಲಿತಾಂಶ 2022ರಲ್ಲಿ ಬಂತು. ನಾಲ್ಕರಲ್ಲಿ ಯಾವುದೂ ಇನ್ನೊಂದಕ್ಕಿಂತ ಜಾಸ್ತಿ ಕೆಲಸ ಮಾಡ್ಲಿಲ್ಲ. ಅಂದ್ರೆ ದಿನಾ ಬೇಜಾರಿಲ್ಲದೆ ಹಚ್ಕೊಳ್ಳೋಕೆ ಯಾವುದು ಸಾಧ್ಯವೋ ಅದೇ ಸರಿಯಾದದ್ದು. ಮಂಗಳೂರು, ಉಡುಪಿ ಸೆಕೆಲಿ ದಪ್ಪ ಜೆಲ್ಲಿ ಮೆತ್ತಿದ್ರೆ ಬೆವರುಗುಳ್ಳೆ ಏಳತ್ತೆ, ಕೂದಲ ಬುಡದಲ್ಲಿ ಸಣ್ಣ ಕೀವುಗುಳ್ಳೆನೂ ಆಗಬಹುದು, ಅಲ್ಲಿ ಹಗುರ ಕ್ರೀಮ್ ಸಾಕು. ಜನವರಿಲಿ ಬೀದರ್, ಕಲಬುರಗಿ ಕಡೆ ಬರೀ ಲೋಷನ್ ಹಚ್ಚಿದ್ರೆ ಮಧ್ಯಾಹ್ನದ ಹೊತ್ತಿಗೆ ಮತ್ತೆ ಬಿಳಿಚಿಕೊಂಡಿರತ್ತೆ. ದಿನವಿಡೀ ಎಸಿಲಿ ಕೂರೋ ಕೆಲಸ ಆದ್ರೆ ಬೇಸಿಗೆಲೂ ಅದೇ ಕಥೆ. ಹಗಲು ಕ್ರೀಮು, ರಾತ್ರಿ ಜೆಲ್ಲಿ ಅಂತ ಎರಡಿಟ್ಕೊಂಡ್ರೂ ತಪ್ಪಿಲ್ಲ.

ಲೇಬಲ್ ಮೇಲೆ ನೋಡಬೇಕಾಗಿರೋದು ಮುಖ್ಯವಾಗಿ ಸುವಾಸನೆ ಹಾಕಿದಾರಾ ಅನ್ನೋದು. ಹಾಕಿದ್ರೆ ಬೇಡ. ಗಿಡಮೂಲಿಕೆ, ಹರ್ಬಲ್, ನ್ಯಾಚುರಲ್ ಅಂತ ಬರೆದಿದ್ರೂ ಅದರಲ್ಲಿ ಸುಗಂಧ ತೈಲಗಳು ಇರಬಹುದು. ಬಾದಾಮಿ ಎಣ್ಣೆ, ಶೇಂಗಾ ಎಣ್ಣೆ ಥರ ತಿನ್ನೋ ಪದಾರ್ಥ ಇರೋ ಕ್ರೀಮನ್ನ ಎಳೆಮಕ್ಕಳ ಒಡೆದ ಚರ್ಮಕ್ಕೆ ಹಚ್ಚದಿರೋದು ವಾಸಿ, ಬಿರುಕಿನ ಮೂಲಕ ಒಳಗೆ ಹೋಗಿ ಮುಂದೆ ಆ ಆಹಾರಕ್ಕೇ ಅಲರ್ಜಿ ಆಗೋ ಸಾಧ್ಯತೆ ಇದೆ. ಬೆಲೆಗೂ ಗುಣಕ್ಕೂ ನೇರ ಸಂಬಂಧ ಇಲ್ಲ, ಐನೂರು ರೂಪಾಯಿ ಸೆರಮೈಡ್ ಕ್ರೀಮನ್ನ ಕಡ್ಲೆಕಾಳಷ್ಟು ಹಚ್ಚೋದಕ್ಕಿಂತ ಸಾದಾ ಪ್ಯಾರಾಫಿನ್ ಕ್ರೀಮನ್ನ ಧಾರಾಳವಾಗಿ ಹಚ್ಚೋದೇ ಮೇಲು.

ಎಷ್ಟು ಹಚ್ಚಬೇಕು

ಎಲ್ಲರೂ ಎಡವೋದು ಇಲ್ಲೇ. ದೊಡ್ಡವರ ಮೈಗೆಲ್ಲ ಒಂದ್ಸಲ ಹಚ್ಚೋಕೆ ಸುಮಾರು 20ರಿಂದ 30 ಗ್ರಾಂ ಬೇಕು. ನಮ್ಮ ಮೆಡಿಕಲ್ ಶಾಪಲ್ಲಿ ಸಿಗೋ 50 ಗ್ರಾಂ ಟ್ಯೂಬು ಹೀಗೆ ಹಚ್ಚಿದ್ರೆ ಒಂದು ದಿನಕ್ಕೆ ಮುಗಿಯತ್ತೆ. ನಾವು ಅದನ್ನ ಎರಡು ತಿಂಗಳು ಎಳೀತೀವಿ, ಆಮೇಲೆ "ಇದೇನೂ ಕೆಲಸ ಮಾಡ್ಲಿಲ್ಲ" ಅಂತೀವಿ. ಬ್ರಿಟನ್‌ನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಬರೆಯೋ ನೈಸ್ ಸಂಸ್ಥೆ ಎಕ್ಸಿಮಾ ಇರೋ ಮಗುವಿಗೆ ವಾರಕ್ಕೆ 250ರಿಂದ 500 ಗ್ರಾಂ ಕೊಡಿ ಅಂತ ಹೇಳತ್ತೆ, ವಾರಕ್ಕೆ!

ಅದು ಇಡೀ ಮೈಗೆ ದಿನಕ್ಕೆ ಹಲವು ಸಲ ಹಚ್ಚೋ ಲೆಕ್ಕ, ಅಲ್ಲಿ ಸರ್ಕಾರಿ ವ್ಯವಸ್ಥೆಲೇ ಸಿಗತ್ತೆ, ಇಲ್ಲಿ ಜೇಬಿಂದ ಕೊಡಬೇಕು. ಎಲ್ಲರ ಕೈಲೂ ಆಗೋ ಮಾತಲ್ಲ. ಹಾಗಾಗಿ ಲೆಕ್ಕಾಚಾರ ಹೀಗೆ ಮಾಡ್ಕೋಬಹುದು: ಮೊಣಕೈ ಮಡಿಕೆ, ಮಂಡಿ ಹಿಂಭಾಗ, ಕತ್ತು, ಹೀಗೆ ಪದೇಪದೇ ಕೆರಳೋ ಜಾಗಗಳಿಗೆ ದಿನಕ್ಕೆ ಎರಡರಿಂದ ಮೂರು ಸಲ ತಪ್ಪಿಸದೆ, ಮಿಕ್ಕ ಮೈಗೆ ಸ್ನಾನ ಆದ ಮೇಲೆ ಒಂದ್ಸಲ. ಟ್ಯೂಬಿನ ಬದಲು ದೊಡ್ಡ ಡಬ್ಬಿ ಅಥವಾ ಪಂಪ್ ಇರೋ ಬಾಟಲಿ ತಗೊಂಡ್ರೆ ಗ್ರಾಂ ಲೆಕ್ಕದಲ್ಲಿ ಸಾಮಾನ್ಯವಾಗಿ ಅಗ್ಗ ಬೀಳತ್ತೆ. ಡಬ್ಬಿಗೆ ಬೆರಳು ಅದ್ದಬೇಡಿ, ಒಣಗಿದ ಚಮಚದಲ್ಲಿ ತೆಗೀರಿ, ಇಲ್ಲಾಂದ್ರೆ ಬೆರಳಲ್ಲಿರೋ ಬ್ಯಾಕ್ಟೀರಿಯಾ ಡಬ್ಬಿಲಿ ಸೇರ್ಕೊಂಡು ದಿನಾ ಅದನ್ನೇ ಮೈಗೆ ಹಚ್ಚಿದ ಹಾಗಾಗತ್ತೆ.

ಹಚ್ಚೋ ರೀತಿ: ಅಲ್ಲಲ್ಲಿ ಬೊಟ್ಟು ಇಟ್ಟು, ಕೂದಲು ಬೆಳೆಯೋ ದಿಕ್ಕಿಗೆ ಮೇಲಿಂದ ಕೆಳಗೆ ಸವರಬೇಕು. ಗಸಗಸ ಉಜ್ಜೋ ಅಗತ್ಯ ಇಲ್ಲ, ಉಜ್ಜಿದ್ರೆ ತುರಿಕೆನೂ ಏಳತ್ತೆ, ಕೂದಲ ಬುಡ ಕಟ್ಕೊಂಡು ಗುಳ್ಳೆನೂ ಆಗತ್ತೆ. ಹಚ್ಚಿದ ಮೇಲೆ ಸ್ವಲ್ಪ ಹೊಳಪು ಕಾಣಬೇಕು, ಹತ್ತು ನಿಮಿಷದಲ್ಲಿ ಇಳಿಯತ್ತೆ. ಮತ್ತೆ ಚರ್ಮ ಪೂರ್ತಿ ಚೆನ್ನಾಗಿ ಕಾಣ್ತಿರೋ ದಿನಾನೂ ಹಚ್ಚಬೇಕು, ಕೆರಳದ ಹಾಗೆ ತಡೆಯೋದೇ ಇದರ ಮುಖ್ಯ ಕೆಲಸ.

ಸ್ನಾನ, ಸೋಪು, ಬೋರ್‌ವೆಲ್ ನೀರು

ಹಂಡೆಲಿ ಕುದಿಯೋ ಹಾಗೆ ಕಾಯಿಸಿ ಹೊಗೆಯಾಡೋ ನೀರು ಮೈಮೇಲೆ ಸುರ್ಕೊಂಡ್ರೆ ತುರಿಕೆಗೆ ಆ ಕ್ಷಣಕ್ಕೆ ಹಾಯಾಗತ್ತೆ, ನಿಜ. ಆದ್ರೆ ಅದು ಉಳಿದಿರೋ ಕೊಬ್ಬಿನಂಶನೂ ಕರಗಿಸ್ಕೊಂಡು ಹೋಗತ್ತೆ. ಉಗುರು ಬೆಚ್ಚಗಿನ ನೀರು, ಐದ್ಹತ್ತು ನಿಮಿಷದ ಸ್ನಾನ, ಟವೆಲ್‌ನಲ್ಲಿ ತಿಕ್ಕದೆ ಒತ್ತಿ ಒರೆಸ್ಕೊಂಡು, ಮೈ ಇನ್ನೂ ಸ್ವಲ್ಪ ತೇವ ಇರೋವಾಗಲೇ ಕ್ರೀಮ್ ಹಚ್ಚೋದು.

ನಮ್ಮ ಚರ್ಮದ ಮೇಲ್ಮೈ ಸ್ವಲ್ಪ ಹುಳಿ, ಹುಳಿ-ಕ್ಷಾರ ಅಳೆಯೋ ಪಿಎಚ್ ಲೆಕ್ಕದಲ್ಲಿ ಸುಮಾರು 5. ಮಾಮೂಲಿ ಸೋಪಿನದ್ದು 9ರಿಂದ 10, ಅಂದ್ರೆ ಕ್ಷಾರ. ದಿನಾ ಹಾಕಿದಾಗ ಗೋಡೆ ರಿಪೇರಿ ಮಾಡೋ ಎನ್‌ಜೈಮ್‌ಗಳ ಕೆಲಸ ಕೆಡತ್ತೆ. ಅದಕ್ಕೇ ಡಾಕ್ಟರ್‌ಗಳು ಸಿಂಡೆಟ್ ಬಾರ್ (ನೋಡೋಕೆ ಸೋಪಿನ ಥರ, ಆದ್ರೆ ಅಷ್ಟು ಕ್ಷಾರ ಇಲ್ಲದ್ದು) ಅಥವಾ ಸೋಪಿಲ್ಲದ ಕ್ಲೆನ್ಸರ್ ಬರೀತಾರೆ. ಅದು ದುಬಾರಿ ಅನ್ನಿಸಿದ್ರೆ ಕಂಕುಳು, ತೊಡೆಸಂದು, ಪಾದಕ್ಕೆ ಮಾತ್ರ ಸೋಪು ಹಾಕಿ ಮಿಕ್ಕಿದ್ದನ್ನ ಬರೀ ನೀರಲ್ಲಿ ತೊಳ್ಕೊಂಡ್ರೂ ಎಷ್ಟೋ ವಾಸಿ. ಕಡ್ಲೆಹಿಟ್ಟು, ಸೀಗೇಕಾಯಿ ಹಾಕಿ ತಿಕ್ಕೋದು ಒಡೆದ ಚರ್ಮಕ್ಕೆ ಒರಟಾಗತ್ತೆ, ಎಕ್ಸಿಮಾ ಇರೋ ಮಗುವಿಗಂತೂ ಬೇಡ.

ಸ್ನಾನದ ನೀರಿಗೇ ಹಾಕೋ ಎಣ್ಣೆ, ದ್ರಾವಣಗಳೂ ಸಿಗತ್ತೆ. ಬ್ರಿಟನ್‌ನಲ್ಲಿ ಸುಮಾರು 480 ಮಕ್ಕಳ ಮೇಲೆ ಮಾಡಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾಯಿಶ್ಚರೈಸರ್ ಹಚ್ಚೋ ಮಕ್ಕಳಿಗೆ ಅದರ ಜೊತೆ ಇದನ್ನೂ ಹಾಕಿದ್ರಿಂದ ಹೇಳ್ಕೊಳ್ಳೋ ಅಂಥ ಲಾಭ ಕಾಣ್ಲಿಲ್ಲ. ಆ ದುಡ್ಡನ್ನ ಕ್ರೀಮಿಗೇ ಹಾಕಬಹುದು. ಬೆಂಗಳೂರಲ್ಲಿ ಕೇಳಿಬರೋ ಇನ್ನೊಂದು ಮಾತು ಬೋರ್‌ವೆಲ್ ಗಡಸು ನೀರಿನದ್ದು. ಗಡಸು ನೀರಿರೋ ಕಡೆ ಎಕ್ಸಿಮಾ ಜಾಸ್ತಿ ಅನ್ನೋದನ್ನ ಹಲವು ಅಧ್ಯಯನ ಹೇಳಿವೆ, ಆದ್ರೆ ಎಕ್ಸಿಮಾ ಬಂದಾದ ಮೇಲೆ ಮನೆಗೆ ಸಾಫ್ಟ್‌ನರ್ ಹಾಕ್ಸಿದ್ರೆ ಕಮ್ಮಿ ಆಗತ್ತಾ ಅಂತ ಇಂಗ್ಲೆಂಡಿನಲ್ಲಿ 336 ಮಕ್ಕಳ ಮೇಲೆ ನೋಡಿದಾಗ (2011ರಲ್ಲಿ ಬಂದ ಅಧ್ಯಯನ) ಹೆಚ್ಚಿನ ಪ್ರಯೋಜನ ಸಿಗ್ಲಿಲ್ಲ.

ಕೊಬ್ಬರಿ ಎಣ್ಣೆ ಸಾಕಾಗಲ್ವಾ?

ಅಜ್ಜಿ ಇರೋ ಮನೇಲೆಲ್ಲ ಇದೇ ಪ್ರಶ್ನೆ. ಕೊಬ್ಬರಿ ಎಣ್ಣೆ ಪರವಾಗಿ ಸ್ವಲ್ಪ ಆಧಾರ ಇದೆ. ಫಿಲಿಪೀನ್ಸ್‌ನಲ್ಲಿ ಸೌಮ್ಯ ಮತ್ತು ಮಧ್ಯಮ ಎಕ್ಸಿಮಾ ಇದ್ದ 117 ಮಕ್ಕಳಲ್ಲಿ ಕೆಲವರಿಗೆ ವರ್ಜಿನ್ ಕೊಬ್ಬರಿ ಎಣ್ಣೆ, ಕೆಲವರಿಗೆ ಮಿನರಲ್ ಆಯಿಲ್ ಹಚ್ಚಿ ಎಂಟು ವಾರ ನೋಡಿದಾಗ ಕೊಬ್ಬರಿ ಎಣ್ಣೆ ಹಚ್ಚಿದವರಲ್ಲೇ ಜಾಸ್ತಿ ಸುಧಾರಣೆ ಕಂಡಿತ್ತು. ಅದೊಂದು ಅಧ್ಯಯನ, ಅದೂ ವರ್ಜಿನ್ ಎಣ್ಣೆದು, ಅಂಗಡಿಲಿ ಸಿಗೋ ಸುವಾಸನೆ ಬೆರೆಸಿದ ಹೇರ್ ಆಯಿಲ್‌ಗೆ ಇದನ್ನ ಅನ್ವಯಿಸೋಕಾಗಲ್ಲ. ಎಣ್ಣೆಲಿ ನೀರಿರಲ್ಲ, ನೀರು ಎಳೆದು ಹಿಡಿಯೋ ಗ್ಲಿಸರಿನ್ ಥರದ್ದೂ ಇರಲ್ಲ, ಹಾಗಾಗಿ ತೀರಾ ಒಣ ಮೈಗೆ ಹಾಗೇ ಹಚ್ಚೋದಕ್ಕಿಂತ ಸ್ನಾನ ಆದ ತಕ್ಷಣ ತೇವದ ಮೇಲೆ ಹಚ್ಚಿದ್ರೆ ಉಪಯೋಗ ಜಾಸ್ತಿ.

ಎಲ್ಲ ಎಣ್ಣೆನೂ ಒಂದೇ ಅಲ್ಲ. ಆಲಿವ್ ಎಣ್ಣೆ ಚರ್ಮದ ತಡೆಗೋಡೆನ ಇನ್ನಷ್ಟು ದುರ್ಬಲ ಮಾಡತ್ತೆ ಅಂತ 2013ರ ಬ್ರಿಟಿಷ್ ಅಧ್ಯಯನ ತೋರಿಸಿದೆ, ಸಾಸಿವೆ ಎಣ್ಣೆ ಕೆರಳಿಸತ್ತೆ. ಬಾಣಂತನದಲ್ಲಿ ಕೂಸಿಗೆ ಎಣ್ಣೆ ತಿಕ್ಕಿ ನೀರು ಹಾಕೋ ಪದ್ಧತಿ ಬಿಡಿ ಅಂತ ಯಾರೂ ಹೇಳ್ತಿಲ್ಲ, ಆದ್ರೆ ಮೈಮೇಲೆ ಒಡೆದ ಜಾಗ ಇದ್ರೆ ತಿಕ್ಕೋದು ಮೆತ್ತಗಿರಲಿ, ನೀರಿನ ಬಿಸಿ ಕಮ್ಮಿ ಇರಲಿ. ಅರಿಶಿನ, ಬೇವು, ನಿಂಬೆರಸ, ಬೆಳ್ಳುಳ್ಳಿ ಅರೆದು ಹಚ್ಚೋದು ಬೇಡ, ಬೆಳ್ಳುಳ್ಳಿಯಿಂದ ಸುಟ್ಟಗಾಯವೇ ಆಗತ್ತೆ.

ಕೂಸಿನಿಂದ ತಾತನವರೆಗೆ

ಎಳೆಮಕ್ಕಳಲ್ಲಿ ಕೆನ್ನೆ, ತಲೆ, ಕೈಕಾಲಿನ ಹೊರಭಾಗದಲ್ಲಿ ಬರತ್ತೆ, ಸಾಮಾನ್ಯವಾಗಿ ಡೈಪರ್ ಜಾಗ ಚೆನ್ನಾಗಿರತ್ತೆ. ಜೊಲ್ಲು ಸುರಿಸೋ ಮಗುವಿಗೆ ಊಟಕ್ಕೆ ಮುಂಚೆ ಬಾಯಿ ಸುತ್ತ ಸ್ವಲ್ಪ ಜೆಲ್ಲಿ ಸವರಿದ್ರೆ ಜೊಲ್ಲು, ಟೊಮೆಟೊ ರಸ ಚರ್ಮಕ್ಕೆ ತಾಕಲ್ಲ. ಯೂರಿಯಾ ಇರೋ ಕ್ರೀಮ್ ಮಕ್ಕಳಿಗೆ ಉರಿಯತ್ತೆ, ಡಾಕ್ಟರ್ ಹೇಳದೆ ಬೇಡ. ಇನ್ನು ಎಕ್ಸಿಮಾ ಇಲ್ಲದ ಕೂಸಿಗೂ ಹುಟ್ಟಿದಾಗಿಂದ ಹಚ್ಚಿದ್ರೆ ಬರದ ಹಾಗೆ ತಡೆಯಬಹುದಾ ಅನ್ನೋ ಆಸೆ ಇತ್ತು, ಬ್ರಿಟನ್‌ನಲ್ಲಿ 1394 ಕೂಸುಗಳ ಮೇಲೆ ಪರೀಕ್ಷೆ ಮಾಡಿ 2020ರಲ್ಲಿ ಬಂದ ಉತ್ತರ: ತಡೆಯಲ್ಲ, ಚರ್ಮದ ಸೋಂಕು ಸ್ವಲ್ಪ ಜಾಸ್ತಿನೇ ಆಯ್ತು.

ಸ್ಕೂಲಿಗೆ ಹೋಗೋ ಮಕ್ಕಳಲ್ಲಿ ಮೊಣಕೈ, ಮಂಡಿ ಮಡಿಕೆಗಳಿಗೆ ಬರತ್ತೆ. ಕೆಲವರಿಗೆ ಕೆನ್ನೆ ಮೇಲೆ ಮಸುಕು ಬಿಳಿ ಮಚ್ಚೆ ಕಾಣತ್ತೆ, ಜಂತುಹುಳ ಅಂತ ಔಷಧಿ, ಕ್ಯಾಲ್ಸಿಯಂ ಕಮ್ಮಿ ಅಂತ ಟಾನಿಕ್, ಇಲ್ಲಾಂದ್ರೆ ತೊನ್ನಿರಬಹುದಾ ಅನ್ನೋ ಭಯ. ಇದರಲ್ಲಿ ಹೆಚ್ಚಿನದ್ದು ಪಿಟಿರಿಯಾಸಿಸ್ ಆಲ್ಬಾ ಅನ್ನೋ ಸೌಮ್ಯ ಇಸುಬು, ಹುಳಕ್ಕೂ ಕ್ಯಾಲ್ಸಿಯಂಗೂ ಸಂಬಂಧ ಇಲ್ಲ. ಮಾಯಿಶ್ಚರೈಸರ್ ಹಚ್ಕೊಂಡು ಬಿಸಿಲಿಂದ ಕಾಪಾಡಿದ್ರೆ ತಿಂಗಳುಗಟ್ಟಲೆ ಹಿಡಿದ್ರೂ ಬಣ್ಣ ವಾಪಸ್ ಬರತ್ತೆ.

ದೊಡ್ಡವರಲ್ಲಿ ಕೈಗಳ ಪಾಡೇ ಪಾಡು. ದಿನಕ್ಕೆ ನಾಲ್ಕೈದು ಸಲ ಪಾತ್ರೆ ತೊಳೆಯೋರು, ನರ್ಸ್‌ಗಳು, ಸಲೂನಿನೋರು, ಗಾರೆ ಕೆಲಸದೋರು. ಪ್ರತಿ ಸಲ ಕೈ ತೊಳೆದ ಮೇಲೂ ಹಚ್ಚಬೇಕು, ಹಾಗಾಗಿ ಸಿಂಕಿನ ಪಕ್ಕದಲ್ಲೇ ಒಂದು ಪಂಪ್ ಬಾಟಲಿ ಇರಲಿ. ಪಾತ್ರೆ ತೊಳೆಯೋವಾಗ ಒಳಗೆ ಹತ್ತಿ ಗ್ಲೌಸ್, ಮೇಲೆ ರಬ್ಬರ್ ಗ್ಲೌಸ್. ಆದ್ರೆ ಸಿಮೆಂಟಿನ ಕ್ರೋಮಿಯಂಗೋ, ಹೊಲದ ಬದುವಿನಲ್ಲಿ ಬೆಳೆಯೋ ಕಾಂಗ್ರೆಸ್ ಗಿಡ ಅಂದ್ರೆ ಪಾರ್ಥೇನಿಯಂಗೋ ಅಲರ್ಜಿ ಆಗಿದ್ರೆ ಅದರಿಂದ ದೂರ ಇರೋದೇ ಮುಖ್ಯ, ಕ್ರೀಮು ಆಮೇಲೆ. ಪಾರ್ಥೇನಿಯಂದು ಗಾಳಿಲೇ ಬಂದು ಮುಖ, ಕಣ್ಣುರೆಪ್ಪೆ, ಕತ್ತಿಗೆ ತಾಕತ್ತೆ, ರೈತರಲ್ಲಿ ಇದು ಸಾಮಾನ್ಯ.

ಅರವತ್ತು ದಾಟಿದ ಮೇಲೆ ಚರ್ಮದ ಜಿಡ್ಡೇ ಕಮ್ಮಿ ಆಗಿ, ಮುಖ್ಯವಾಗಿ ಮೊಣಕಾಲ ಕೆಳಗೆ ಸಣ್ಣ ಸಣ್ಣ ಸೀಳು ಬಿಟ್ಕೊಂಡು ತುರಿಸತ್ತೆ. ಮೊದಲು ಯಾವತ್ತೂ ಎಕ್ಸಿಮಾ ಇಲ್ಲದವರಿಗೂ ಬರತ್ತೆ. ಶೇಕಡ 10ರ ಯೂರಿಯಾ ಕ್ರೀಮ್ ಇವರಿಗೆ ಚೆನ್ನಾಗಿ ಹೊಂದತ್ತೆ, ತೀರಾ ಒಡೆದ ಜಾಗಕ್ಕೆ ಬೇಡ, ಉರಿಯತ್ತೆ. ಪಾದಕ್ಕೆ ಹಚ್ಕೊಂಡು ಬಚ್ಚಲಲ್ಲಿ ಕಾಲಿಟ್ರೆ ಜಾರೋದು ಗ್ಯಾರಂಟಿ, ರಾತ್ರಿ ಮಂಚದ ಮೇಲೆ ಕೂತು ಹಚ್ಚಿ ಹತ್ತಿ ಸಾಕ್ಸ್ ಹಾಕಿಸಿಬಿಡಿ. ಬೆನ್ನಿಗೆ ಕೈ ಎಟುಕಲ್ಲ, ಮನೆಯೋರೇ ಹಚ್ಚಬೇಕು.

ಸ್ಟೀರಾಯ್ಡ್ ಕ್ರೀಮ್ ಬೇಡ್ವಾ?

ಕೆರಳಿರೋ ಎಕ್ಸಿಮಾಗೆ ಮಾಯಿಶ್ಚರೈಸರ್ ಒಂದೇ ಸಾಲಲ್ಲ, ಉರಿಯೂತ ಇಳಿಸೋಕೆ ಸ್ಟೀರಾಯ್ಡ್ ಬೇಕಾಗತ್ತೆ. ಡಾಕ್ಟರ್ ಹೇಳಿದ ಶಕ್ತಿದು, ಹೇಳಿದಷ್ಟು ದಿನ ಹಚ್ಚಿದ್ರೆ ಭಯ ಪಡೋ ಅಗತ್ಯ ಇಲ್ಲ. ಅಳತೆಗೆ, ಟ್ಯೂಬಿಂದ ದೊಡ್ಡವರ ತೋರುಬೆರಳಿನ ತುದಿ ಗೆಣ್ಣಿನಷ್ಟು ಉದ್ದ ಹಿಂಡಿದ್ರೆ ಸುಮಾರು ಅರ್ಧ ಗ್ರಾಂ, ಬೆರಳುಗಳೂ ಸೇರಿ ದೊಡ್ಡವರ ಎರಡು ಅಂಗೈ ಅಗಲದ ಜಾಗಕ್ಕೆ ಸಾಕು. ಮಾಯಿಶ್ಚರೈಸರ್ ಮೈಗೆಲ್ಲ, ಸ್ಟೀರಾಯ್ಡ್ ಕೆರಳಿದ ಜಾಗಕ್ಕೆ ಮಾತ್ರ, ನಡುವೆ ಕಾಲು ಗಂಟೆಯಿಂದ ಅರ್ಧ ಗಂಟೆ ಗ್ಯಾಪ್. ಯಾವುದು ಮೊದಲು ಅನ್ನೋದು ಅಷ್ಟು ಮುಖ್ಯ ಅಲ್ಲ.

ನಮ್ಮ ಕಡೆ ತೊಂದರೆ ಆಗ್ತಿರೋದು ಚೀಟಿ ಇಲ್ಲದೆ ಕೌಂಟರ್‌ನಲ್ಲಿ "ತುರಿಕೆಗೆ ಒಂದು ಟ್ಯೂಬ್ ಕೊಡಿ" ಅಂತ ಕೇಳಿ ತಗೊಳ್ಳೋದ್ರಿಂದ. ಸ್ಟೀರಾಯ್ಡ್, ಆಂಟಿಬಯಾಟಿಕ್, ಫಂಗಸ್ ಔಷಧಿ ಮೂರನ್ನೂ ಬೆರೆಸಿದ ಆ ಟ್ಯೂಬುಗಳು ಎರಡು ದಿನ ಹಾಯ್ ಅನ್ನಿಸತ್ತೆ, ತಿಂಗಳುಗಟ್ಟಲೆ ಹಚ್ಚಿದ್ರೆ ಚರ್ಮ ತೆಳುವಾಗತ್ತೆ, ಹುಳುಕಡ್ಡಿ ಇದ್ರೆ ಗುರುತೇ ಸಿಗದ ಹಾಗೆ ಹರಡತ್ತೆ. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚೋ ಸ್ಟೀರಾಯ್ಡ್‌ಗಳಲ್ಲಿ ಹಲವನ್ನ ಚೀಟಿ ಇದ್ರೆ ಮಾತ್ರ ಮಾರಬೇಕಾದ ಪಟ್ಟಿಗೆ ಸೇರಿಸಿದೆ. ಟ್ಯೂಬ್ ಮೇಲೆ ಕ್ಲೋಬೆಟಾಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್ ಅಂತಿದ್ರೆ ಅದು ಮಾಯಿಶ್ಚರೈಸರ್ ಅಲ್ಲ, ಸ್ಟೀರಾಯ್ಡು.

ದೀಪ, ಸ್ಟವ್, ಪಟಾಕಿ

ಇದು ಹೆಚ್ಚಿನವರಿಗೆ ಗೊತ್ತಿರಲ್ಲ. ದಿನಾ ಕ್ರೀಮ್ ಹಚ್ಚೋರ ಬಟ್ಟೆ, ಹಾಸಿಗೆ, ಬ್ಯಾಂಡೇಜಿಗೆ ಜಿಡ್ಡು ಇಳಿದು ಒಣಗಿರತ್ತೆ, ಅಂಥ ಬಟ್ಟೆಗೆ ಬೆಂಕಿ ತಾಕಿದ್ರೆ ಮಾಮೂಲಿಗಿಂತ ಬೇಗ ಹತ್ಕೊಂಡು ಉರಿಯತ್ತೆ. ಬ್ರಿಟನ್‌ನ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಈ ಎಚ್ಚರಿಕೆನ ಪ್ಯಾರಾಫಿನ್ ಇಲ್ಲದ ಕ್ರೀಮುಗಳಿಗೂ ವಿಸ್ತರಿಸ್ತು. ಒಗೆದ್ರೆ ಕಮ್ಮಿ ಆಗತ್ತೆ, ಪೂರ್ತಿ ಹೋಗಲ್ಲ. ದೇವರ ಮುಂದೆ ದೀಪ ಹಚ್ಚೋವಾಗ ಸೀರೆ ಸೆರಗು, ಗ್ಯಾಸ್ ಸ್ಟವ್ ಮುಂದೆ ನೈಟಿ ತೋಳು, ಬೀಡಿ ಸೇದೋ ತಾತನ ಹೊದಿಕೆ, ದೀಪಾವಳಿ ಪಟಾಕಿ ಹತ್ರ ನಿಂತ ಮಗು, ಇಲ್ಲೆಲ್ಲ ಹುಷಾರು. ಹಾಸಿಗೆ ಬಟ್ಟೆ ಆಗಾಗ ಬಿಸಿನೀರಲ್ಲಿ ಒಗೀರಿ.

ಯಾವಾಗ ತಡ ಮಾಡಬಾರದು

ಎರಡು ವಾರ ಸರಿಯಾಗಿ ಹಚ್ಚಿದ್ರೂ ರಾತ್ರಿ ನಿದ್ದೆ ಕೆಡಿಸೋ ತುರಿಕೆ ಇದ್ರೆ ಡಾಕ್ಟರ್ ಹತ್ರ ಹೋಗಿ, ಸ್ಟೀರಾಯ್ಡ್ ಅಲ್ಲದೆ ಟ್ಯಾಕ್ರೋಲಿಮಸ್ ಥರದ ಬೇರೆ ಹಚ್ಚೋ ಔಷಧಿಗಳು, ತೀವ್ರವಾಗಿದ್ರೆ ಇಂಜೆಕ್ಷನ್ನೂ ಈಗ ಇವೆ. ಜಾಗ ಒದ್ದೆಯಾಗಿ ಜೇನಿನ ಬಣ್ಣದ ಹಕ್ಕಳೆ ಕಟ್ಟಿದ್ರೆ, ಕೀವಾದ್ರೆ, ಸೋಂಕು ತಗುಲಿದೆ ಅಂತ ಅರ್ಥ, ಆಂಟಿಬಯಾಟಿಕ್ ಬೇಕಾಗಬಹುದು. ಒಂದೇ ಸಮನಾದ ಸಣ್ಣ ನೀರುಗುಳ್ಳೆಗಳು ಗುಂಪಾಗಿ ಎದ್ದು, ಒಡೆದು ಗುಂಡಗಿನ ಗಾಯಗಳಾಗಿ, ತುರಿಕೆಗಿಂತ ನೋವು ಜಾಸ್ತಿ ಆಗಿ ಜ್ವರ ಬಂದ್ರೆ ಅದು ಹರ್ಪಿಸ್ ವೈರಸ್ ಎಕ್ಸಿಮಾ ಮೇಲೆ ಹರಡಿರೋ ಲಕ್ಷಣ ಇರಬಹುದು. ತುಟಿ ಮೇಲೆ ಜ್ವರದ ಗುಳ್ಳೆ ಎದ್ದಿರೋರು ಮಗುವಿಗೆ ಮುತ್ತು ಕೊಟ್ಟಾಗಲೂ ಇದು ಬರತ್ತೆ. ಕಣ್ಣಿನ ಹತ್ರ ಆದ್ರೆ ದೃಷ್ಟಿಗೂ ಅಪಾಯ ಇದೆ, ನಾಳೆ ನೋಡೋಣ ಅನ್ನದೆ ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು.